ಕಣ್ಣಿನಲ್ಲಿ ಹುಟ್ಟಿದ ಚೆಲುವಿನ ಮದ್ದು

ಅಣ್ಣಿಗೇರಿಯ ಕಡೆಯ ಹಳ್ಳಿಯೊಂದರಿಂದ ಮುದುಕಿಯೊಬ್ಬಳು ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಮೊಮ್ಮಗಳ ಕೈಹಿಡಿದು ಹುಬ್ಬಳ್ಳಿಯ ಬಸ್ಸಿನಿಂದ ಇಳಿಯುತ್ತಾಳೆಂದು ಭಾವಿಸೋಣ. ಧಾರವಾಡ ಜಿಲ್ಲೆಗೆ ಇದೇನೂ ಅಪರೂಪದ ನೋಟವಲ್ಲ. ಶಸ್ತ್ರವೈದ್ಯರು ಪೊರೆಗೆ ಕೈಹಚ್ಚುವ ಮುನ್ನ ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ಲೋಳೆಯೊಂದನ್ನು ತುಂಬುತ್ತಾರೆ. ಕಣ್ಣು ಕುಸಿಯದಂತೆಯೂ, ಒಳಗಿನ ನವಿರಾದ ಪದರ ಉಜ್ಜಿಹೋಗದಂತೆಯೂ ಅದು ಕಾಪಾಡುತ್ತದೆ. ಹಲವು ವೇಳೆ ಆ ಲೋಳೆಯ ಮುಖ್ಯ ವಸ್ತು ಹಯಾಲುರೋನಿಕ್ ಆಮ್ಲ.

ಅಜ್ಜಿ ಒಳಗೆ ಮಲಗಿರುವಾಗ ಮೊಮ್ಮಗಳ ದೃಷ್ಟಿ ಎದುರಿನ ಸೌಂದರ್ಯ ಚಿಕಿತ್ಸಾಲಯದ ಫಲಕದ ಮೇಲೆ ಬೀಳುತ್ತದೆ. ತುಟಿ ತುಂಬಿಸಲಾಗುವುದು, ಮೂಗು ತಿದ್ದಲಾಗುವುದು. ಶಸ್ತ್ರಚಿಕಿತ್ಸೆ ಬೇಡ, ಒಂದು ಸೂಜಿ ಸಾಕು! ಅವಳ ಮದುವೆ ಇನ್ನೆರಡು ತಿಂಗಳಿಗಿದೆ. ಮರಳುವ ದಾರಿಯಲ್ಲಿ ವಿಷಯ ತಿಳಿದ ಅಜ್ಜಿ ಕಣ್ಣಿನ ಪಟ್ಟಿಯೊಳಗಿಂದಲೇ ಕೇಳಿಯಾಳು: “ಇದ್ದ ಮೂಗಿಗೆ ನತ್ತು ಸಾಲಂಗಿಲ್ಲೇನ, ತಂಗೀ?”

ವಿಚಿತ್ರವೆಂದರೆ ಆ ಸೂಜಿಯೊಳಗಿರುವುದೂ ಹಯಾಲುರೋನಿಕ್ ಆಮ್ಲವೇ. ಅಜ್ಜಿಗೆ ಬೆಳಕು ಕೊಡಿಸಲು ನೆರವಾದ ವಸ್ತುವೇ ಅಜಾಗರೂಕ ಕೈಗೆ ಸಿಕ್ಕರೆ ಮೊಮ್ಮಗಳ ಕಣ್ಣಿನ ಬೆಳಕನ್ನು ಆರಿಸಬಲ್ಲುದು. ಇದು ಅತಿ ವಿರಳ, ನಿಜ, ಆದರೆ ಕಟ್ಟುಕಥೆಯಲ್ಲ.

ಈ ವಸ್ತುವಿನ ಹುಟ್ಟೇ ಕಣ್ಣಿನಲ್ಲಿ. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಅವರ ಸಹಾಯಕ ಜಾನ್ ಪಾಮರ್ ದನದ ಕಣ್ಣುಗುಡ್ಡೆಯೊಳಗಿನ ಗಾಜಿನಂಥ ಲೋಳೆಯಿಂದ ಇದನ್ನು ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ‘ಹಯಾಲೋಸ್’ ಎಂದರೆ ಗಾಜು. ಹೆಸರು ಬಂದದ್ದು ಅಲ್ಲಿಂದ. ಮುಂದೆ ಹಂಗೇರಿ ಮೂಲದ ವಿಜ್ಞಾನಿ ಎಂಡ್ರೆ ಬಲಾಜ್ ಹುಂಜದ ಜುಟ್ಟಿನಿಂದ ಇದನ್ನು ಶುದ್ಧರೂಪದಲ್ಲಿ ತೆಗೆಯುವ ಹಾದಿ ತೋರಿಸಿದರು. 1980ರ ಹೊತ್ತಿಗೆ ಅದು ಕಣ್ಣಿನ ಶಸ್ತ್ರಚಿಕಿತ್ಸೆಗೆ ಒದಗಿತು. ಹುಂಜದ ಜುಟ್ಟು ಮನುಷ್ಯನ ಕಣ್ಣಿಗೆ ನೆರವಾದೀತೆಂದು ಯಾರು ತಾನೆ ಊಹಿಸಿದ್ದರು! ಈಗ ಮುಖಕ್ಕೆ ಬಳಸುವ ಮದ್ದನ್ನು ಬಹುಮಟ್ಟಿಗೆ ಸೂಕ್ಷ್ಮಾಣುಗಳ ಹುದುಗುವಿಕೆಯಿಂದಲೇ ತಯಾರಿಸುತ್ತಾರೆ.

ಪ್ರಾಣಿಯ ಮಾತೇಕೆ, ಪ್ರಾಯದ ಮನುಷ್ಯನ ದೇಹದಲ್ಲಿಯೂ ಸುಮಾರು 15 ಗ್ರಾಂನಷ್ಟು ಹಯಾಲುರೋನಿಕ್ ಆಮ್ಲ ಸದಾ ಇರುತ್ತದೆ. ಅದರಲ್ಲಿ ಅರ್ಧದಷ್ಟು ಚರ್ಮದಲ್ಲಿಯೇ. ಚರ್ಮವನ್ನು ನವಲಗುಂದದ ಜಮಖಾನೆಗೆ ಹೋಲಿಸುವುದಾದರೆ ಕೊಲ್ಯಾಜೆನ್ ಎಂಬುದು ಅದರ ನೂಲು. ನೂಲುಗಳ ನಡುವೆ ನೆನೆದ ಕಾಮಕಸ್ತೂರಿ ಬೀಜದಂತೆ ನೀರನ್ನು ಹಿಡಿದು ಉಬ್ಬಿ ನಿಂತಿರುವುದು ಈ ಆಮ್ಲ. ಮಗುವಿನ ಕೆನ್ನೆಯ ತುಂಬುತನಕ್ಕೆ ಇದೂ ಒಂದು ಕಾರಣ. ವಯಸ್ಸಾದಂತೆ, ಅದರಲ್ಲಿಯೂ ಎರೆಹೊಲದ ಬಿಸಿಲಿನಲ್ಲಿ ದುಡಿದವರಲ್ಲಿ, ನೂಲೂ ಸಡಿಲುತ್ತದೆ, ಲೋಳೆಯೂ ಇಳಿಯುತ್ತದೆ, ಸುಕ್ಕು ಮೂಡುತ್ತದೆ.

ದೇಹ ತನ್ನಲ್ಲಿರುವ ಈ ಆಮ್ಲದ ಮೂರನೆಯ ಒಂದು ಭಾಗವನ್ನು ಪ್ರತಿದಿನವೂ ಕರಗಿಸಿ ಹೊಸದಾಗಿ ಮಾಡಿಕೊಳ್ಳುತ್ತದೆ. ಆದ್ದರಿಂದ ಅದನ್ನು ಹಾಗೆಯೇ ಚುಚ್ಚಿದರೆ ಹೆಚ್ಚು ಕಾಲ ನಿಲ್ಲದು. ತಯಾರಕರು ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಲೋಳೆ ಮಾಡುತ್ತಾರೆ. ಅದು ಆರು ತಿಂಗಳಿನಿಂದ ಒಂದು ವರ್ಷದವರೆಗೆ, ಕೆಲವೆಡೆ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2003ರಲ್ಲಿ ಇಂಥ ಮೊದಲ ಮದ್ದಿಗೆ ಒಪ್ಪಿಗೆ ಕೊಟ್ಟದ್ದು ಮೂಗಿನಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಗಳನ್ನು ತುಂಬುವುದಕ್ಕಾಗಿ.

ಇದರ ಉಪಯೋಗವೆಲ್ಲ ಬರಿಯ ಶೋಕಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮೊಡವೆ ಮುಖದ ಮೇಲೆ ಬಿಟ್ಟುಹೋದ ಗುಳಿಗಳಿಗೆ ಇದರಿಂದ ಪರಿಹಾರ ದೊರೆತು, ತಲೆತಗ್ಗಿಸಿ ನಡೆಯುತ್ತಿದ್ದವರು ತಲೆಯೆತ್ತಿದ್ದುಂಟು. ಮೊಣಕಾಲಿನ ಸವೆತಕ್ಕೂ ಇದೇ ಆಮ್ಲವನ್ನು ಚುಚ್ಚುವ ರೂಢಿಯಿದೆ. ಅದರ ಪ್ರಯೋಜನದ ಬಗೆಗೆ ಮೂಳೆವೈದ್ಯರಲ್ಲಿಯೇ ಒಮ್ಮತವಿಲ್ಲ. ಇನ್ನು ಮುಖಕ್ಕೆ ಸವರುವ ಹಯಾಲುರೋನಿಕ್ ಕ್ರೀಮು ಹೊರಚರ್ಮಕ್ಕೆ ಪಸೆ ಕೊಡುತ್ತದೆ, ಅಷ್ಟೆ. ಅದರಿಂದ ಸೂಜಿಯ ಫಲವೂ ಇಲ್ಲ, ಸೂಜಿಯ ಭಯವೂ ಇಲ್ಲ.

ಚುಚ್ಚಿದ ಬಳಿಕ ಬಾವು, ಕೆಂಪು, ನೀಲಿಗಟ್ಟುವುದು ಬಹುಸಾಮಾನ್ಯ. ಕೆಲವು ದಿನಗಳಲ್ಲಿ ಇಳಿಯುತ್ತವೆ. ಆದ್ದರಿಂದಲೇ ಅರಿಶಿನ ಹಚ್ಚುವ ವಾರದಲ್ಲಿ ಈ ಸಾಹಸಕ್ಕೆ ಹೊರಡಬಾರದು. ಕೆಲವರಲ್ಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗಂಟುಗಳು ಏಳುವುದೂ ಉಂಟು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮುಖದಲ್ಲಿ ಕೀವು ಅಥವಾ ಸೋಂಕು ಇರುವವರು ಇದರ ಗೊಡವೆಗೆ ಹೋಗಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. 22 ವರ್ಷದೊಳಗಿನವರಲ್ಲಿ ಇದು ಎಷ್ಟು ಸುರಕ್ಷಿತವೆಂಬುದು ಗೊತ್ತಿಲ್ಲವೆಂದು ಅಮೆರಿಕದ ಆಡಳಿತ ಹೇಳುತ್ತದೆ. ಮದುವೆಯ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಆ ವಯಸ್ಸಿನವರೇ.

ನಿಜವಾದ ಗಂಡಾಂತರ ರಕ್ತನಾಳದಲ್ಲಿದೆ. ಹುಬ್ಬುಗಳ ನಡುವೆಯೂ ಮೂಗಿನ ಮೇಲೂ ಹರಿಯುವ ಸಣ್ಣ ನಾಳಗಳಿಗೆ ಕಣ್ಣಿಗೆ ರಕ್ತ ಒದಗಿಸುವ ನಾಳದೊಡನೆ ಒಳಗಿಂದೊಳಗೇ ಸಂಪರ್ಕವಿದೆ. ಸೂಜಿಯ ಮೊನೆ ಅಕಸ್ಮಾತ್ತಾಗಿ ಅಂಥ ನಾಳವನ್ನು ಹೊಕ್ಕು, ಲೋಳೆಯನ್ನು ಒತ್ತಡದಿಂದ ನೂಕಿದರೆ ಅದು ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಸರಿಯುತ್ತದೆ. ಒತ್ತಡ ಸಡಿಲಿದೊಡನೆ ರಕ್ತ ಅದನ್ನು ಮುಂದಕ್ಕೆ ಒಯ್ದು ಅಕ್ಷಿಪಟಲದ ನಾಳದಲ್ಲಿ ಬಿರಡೆಯಂತೆ ಸಿಕ್ಕಿಸುತ್ತದೆ. ಕ್ಷಣಾರ್ಧದಲ್ಲಿ ಆ ಕಣ್ಣು ಕತ್ತಲೆ. 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಮುಖ ತುಂಬುವ ಬಗೆಬಗೆಯ ಚುಚ್ಚುಮದ್ದುಗಳಿಂದ ಜಗತ್ತಿನಲ್ಲಿ ದೃಷ್ಟಿಗೆ ಅಪಾಯವಾದ 98 ಪ್ರಕರಣಗಳನ್ನು ಕಲೆಹಾಕಿತು. ಅವುಗಳಲ್ಲಿ ಸುಮಾರು ಅರ್ಧದಷ್ಟು ದೇಹದ ಕೊಬ್ಬನ್ನೇ ತೆಗೆದು ಚುಚ್ಚಿದಾಗ ಆದವು. 2019ರಲ್ಲಿ ಅದಕ್ಕೆ ಇನ್ನೂ 48 ಸೇರಿದವು. ಈ ಬಾರಿ ಬಹುಪಾಲು ಹಯಾಲುರೋನಿಕ್ ಆಮ್ಲದ್ದೇ, ಮತ್ತು ಅರ್ಧಕ್ಕಿಂತ ಹೆಚ್ಚು ಮೂಗಿನ ಭಾಗದಲ್ಲಿ ಚುಚ್ಚಿದವು. ಚುಚ್ಚಿಸಿಕೊಂಡ ಅಸಂಖ್ಯರ ಎದುರಿಗೆ ಈ ಸಂಖ್ಯೆ ಚಿಕ್ಕದೇ ಸರಿ. ಆದರೆ ಹೋದ ದೃಷ್ಟಿ ಮರಳಿ ಬಂದವರು ತೀರ ಕಡಿಮೆ.

ರಕ್ತವಿಲ್ಲದೆ ಅಕ್ಷಿಪಟಲ ತಾಳಬಲ್ಲ ಅವಧಿ ಸುಮಾರು ಒಂದೂವರೆ ಗಂಟೆ ಎಂಬುದು ವೈದ್ಯರ ಸಾಮಾನ್ಯ ಲೆಕ್ಕ. ಧಾರವಾಡ ಜಿಲ್ಲೆಯ ನಕ್ಷೆಯನ್ನು ಈ ಲೆಕ್ಕದೊಡನೆ ನೋಡಬೇಕು. ದೊಡ್ಡ ಆಸ್ಪತ್ರೆಗಳಿರುವುದು ಹುಬ್ಬಳ್ಳಿ-ಧಾರವಾಡಗಳಲ್ಲಿ. 1957ರಲ್ಲಿ ಸ್ಥಾಪನೆಯಾದ, ಜನ ಇಂದಿಗೂ ‘ಕಿಮ್ಸ್’ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಹುಬ್ಬಳ್ಳಿಯಲ್ಲಿದೆ. ಕುಂದಗೋಳದಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರು; ಕಲಘಟಗಿಯಿಂದ 30ರ ಹತ್ತಿರ; ನವಲಗುಂದ, ಅಣ್ಣಿಗೇರಿಗಳಿಂದ ಇನ್ನೂ ದೂರ. ತಾಲ್ಲೂಕು ಊರಿನ ಅಲಂಕಾರದ ಅಂಗಡಿಯಲ್ಲಿ ಅಗ್ಗದ ಸೂಜಿ ಚುಚ್ಚಿಸಿಕೊಂಡವಳಿಗೆ ಕಣ್ಣು ಮಂಜಾದರೆ, ವಾಹನ ಹುಡುಕಿ, ಹುಬ್ಬಳ್ಳಿಯ ಗದ್ದಲ ದಾಟಿ, ತಜ್ಞರ ಮುಂದೆ ನಿಲ್ಲುವಷ್ಟರಲ್ಲಿ ಆ ಒಂದೂವರೆ ಗಂಟೆಯಲ್ಲಿ ಉಳಿಯುವುದೆಷ್ಟು?

ಕಣ್ಣನ್ನು ಮುಟ್ಟದೆ ಚರ್ಮದ ನಾಳವೇ ಕಟ್ಟಿಕೊಳ್ಳುವುದು ಇದಕ್ಕಿಂತ ಹೆಚ್ಚಾಗಿ ಕಾಣುವ ಕೇಡು. ಚುಚ್ಚಿದ ಸುತ್ತಿನ ಚರ್ಮ ಬಿಳಿಚಿಕೊಳ್ಳುತ್ತದೆ. ಬಳಿಕ ಬಲೆಯಂತೆ ನೀಲಿಗೆರೆಗಳು ಮೂಡುತ್ತವೆ. ನೋವು ಏರುತ್ತದೆ, ಕೆಲವೊಮ್ಮೆ ನೋವೇ ಇರುವುದಿಲ್ಲ. ಸುಮ್ಮನಿದ್ದರೆ ಆ ಭಾಗ ಕಪ್ಪಾಗಿ ಕೊಳೆಯುತ್ತದೆ. “ನಾಳೆಗೆ ಸರಿಹೋಗುತ್ತದೆ” ಎಂದು ಮಂಜುಗಡ್ಡೆ ಇಟ್ಟು ಮನೆಗೆ ಕಳುಹಿಸುವಂಥದಲ್ಲ ಇದು.

ಪುಣ್ಯಕ್ಕೆ ಈ ಕೇಡಿಗೆ ಮದ್ದಿದೆ. ಹಯಾಲುರೊನಿಡೇಸ್ ಎಂಬ ಕಿಣ್ವವನ್ನು ಕೆಲವೇ ಗಂಟೆಗಳೊಳಗೆ ಸಾಕಷ್ಟು ಪ್ರಮಾಣದಲ್ಲಿ ಚುಚ್ಚಿದರೆ ಲೋಳೆ ಕರಗಿ ರಕ್ತ ಹರಿಯತೊಡಗುತ್ತದೆ. ಮುಖ ತುಂಬುವ ಇತರ ಹಲವು ಮದ್ದುಗಳಿಗೆ ಇಂಥ ಪ್ರತಿಮದ್ದಿಲ್ಲ. ಹಯಾಲುರೋನಿಕ್ ಆಮ್ಲವನ್ನು ವೈದ್ಯರು ಮೆಚ್ಚುವುದಕ್ಕೆ ಇದು ದೊಡ್ಡ ಕಾರಣ. ಈ ಕಿಣ್ವವೂ ಕಣ್ಣಿನ ವೈದ್ಯರ ಹಳೆಯ ಒಡನಾಡಿಯೇ: ಪೊರೆ ತೆಗೆಯುವಾಗ ಕಣ್ಣಿನ ಸುತ್ತ ಚುಚ್ಚುವ ಅರಿವಳಿಕೆ ಬೇಗ ಹರಡಲೆಂದು ಅದರೊಡನೆ ಇದನ್ನು ಬೆರೆಸುವ ವಾಡಿಕೆ ಬಹುಕಾಲದ್ದು.

ಹೀಗಿರುವಾಗ ಸೂಜಿ ಹಿಡಿದವರನ್ನು ಕೇಳಲೇಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, “ಹಯಾಲುರೊನಿಡೇಸ್ ಈಗ ಇಲ್ಲಿ, ಈ ಕೋಣೆಯಲ್ಲಿ ಇದೆಯೇ?” ಎಂಬುದು. ಆ ಹೆಸರನ್ನೇ ಅರಿಯದವರ ಎದುರಿನಿಂದ ಎದ್ದು ಬರುವುದೇ ಲೇಸು. ಚುಚ್ಚುವವರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾದ, ಚರ್ಮರೋಗ ಅಥವಾ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯಲ್ಲಿ ತರಬೇತು ಪಡೆದ ವೈದ್ಯರಾಗಿರಬೇಕು. ಖಾಸಗಿ ಚಿಕಿತ್ಸಾಲಯ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿಯಾಗಿರಬೇಕು. ಮದುಮಗಳಿಗೆ ಮೆಹಂದಿ ಹಚ್ಚುವ ಪಾರ್ಲರಿಗೆ ಆ ನೋಂದಣಿ ಇರುವುದಿಲ್ಲ. ಸೂಜಿಯೇ ಇಲ್ಲದ ‘ಪೆನ್ನಿ’ನಿಂದ ತುಟಿಗೆ ಲೋಳೆ ಹಾರಿಸುವ ಸಾಧನವೂ ಮಾರಾಟಕ್ಕಿದೆ, ಅದನ್ನು ಬಳಸಬಾರದೆಂದು ಅಮೆರಿಕದ ಆಡಳಿತ 2021ರಲ್ಲಿಯೇ ಎಚ್ಚರಿಸಿತು.

ಮದ್ದಿನ ಪೊಟ್ಟಣವನ್ನು ಕಣ್ಣೆದುರಿಗೇ ಒಡೆಯಿಸಿ, ಅದರ ಹೆಸರು ಮತ್ತು ತಯಾರಿಕೆಯ ಸಂಖ್ಯೆಯಿರುವ ಚೀಟಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ಆ ದಿನ ರಾತ್ರಿಯ ಮಟ್ಟಿಗಾದರೂ ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಉಳಿಯುವುದು ಒಳಿತು. ಕೊನೆಯ ಬಸ್ಸು ಹಿಡಿದು ನವಲಗುಂದ ಸೇರಿ, ನಡುರಾತ್ರಿ ಕನ್ನಡಿಯಲ್ಲಿ ಕೆನ್ನೆ ಬಿಳಿಚಿದ್ದು ಕಂಡರೆ, ಕರಗಿಸುವ ಕಿಣ್ವವಿರುವ ಕಪಾಟು ಆಗ ಹುಬ್ಬಳ್ಳಿಯಲ್ಲಿರುತ್ತದೆ.