ಮಗ್ಗ ಮುಟ್ಟದ ಕಂಬಳಿ

ಕಾಕಾ ಅಟ್ಟದಿಂದ ಬಿಲ್ಲು ಇಳಿಸಿದಾಗ ನಮ್ಮ ಕ್ಯಾಮೆರಾ ಇನ್ನೂ ಚೀಲದಲ್ಲೇ ಇತ್ತು. ಆಳುದ್ದದ ಮರ, ಬಿಗಿದು ಕಟ್ಟಿದ ನರದ ತಂತಿ, ಹೊಡೆಯಲು ಮರದ ಕೊಡತಿ. ಒಂದೇ ಪೆಟ್ಟು ಕೊಟ್ಟರು. ‘ಠಂಯ್!’ ಆ ನಾದ ಎದೆಗೂಡಿನೊಳಗೆ ಇಳಿಯಿತು. ಧ್ವನಿಮುದ್ರಣಕ್ಕೆ ಬಂದಿದ್ದ ಗೆಳೆಯ ಮೈಕ್ ತರಲು ಓಡಿದ.

ಬೆಳಗಾವಿ ಜಿಲ್ಲೆಯ ಆ ಹಳ್ಳಿಗೆ ನಾವು ಹೋಗಿದ್ದು 12 ನಿಮಿಷದ ಸಾಕ್ಷ್ಯಚಿತ್ರಕ್ಕೆ. ಕುರುಬರ ಕಂಬಳಿ ಎಲ್ಲರಿಗೂ ಗೊತ್ತು: ನೂಲು, ಮಗ್ಗ, ಹುಣಸೆಬೀಜದ ಗಂಜಿ. ಕಾಕಾ ಪಿಂಜಾರರು, ಬಿಲ್ಲಿನಿಂದ ಹತ್ತಿ, ಉಣ್ಣೆ ಹಿಂಜುವವರು. ಅವರು ಅದೇ ಕುರಿಯ ಉಣ್ಣೆಯನ್ನು ನೂಲದೆ, ನೇಯದೆ ಹಾಸು ಮಾಡುತ್ತಾರೆ. ಕಾಶ್ಮೀರ, ಕಛ್‌ಗಳಲ್ಲಿ ಇಂಥದ್ದಕ್ಕೆ ನಮ್ದಾ ಎನ್ನುತ್ತಾರೆ. ಅಲ್ಟಾಯ್ ಬೆಟ್ಟಗಳ ಪಜಿರಿಕ್ ಗೋರಿಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಇಂಥ ಹಾಸುಗಳು ಹಿಮಗಟ್ಟಿ ಉಳಿದಿದ್ದವು. ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹಾಲಯದಲ್ಲಿವೆ.

ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರು, ಸಾಬೂನು ತಾಗಿದರೆ ಅವು ಬಾಯಿಬಿಡುತ್ತವೆ. ತಿಕ್ಕಿ, ಸುತ್ತಿ, ಉರುಳಿಸಿದಷ್ಟೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಕಚ್ಚಿದ್ದನ್ನು ಬಿಡಿಸಲಾಗದು. ಹತ್ತಿಗೆ ಈ ಗುಣವಿಲ್ಲ. ಹಾಗಾಗಿ ಅದೇ ಬಿಲ್ಲಿನಡಿ ಹಿಂಜಿದ ಹತ್ತಿ ಗಾದಿಯೊಳಗೆ ಸೇರಿತು, ಉಣ್ಣೆ ತಾನೇ ಹಾಸಾಯಿತು.

ಆ ಬಿಲ್ಲನ್ನು ಬಿಟ್ಟು ಬರಲು ನನಗೆ ಮನಸ್ಸಾಗುತ್ತಿಲ್ಲ. ತಂತಿಯ ನಡುಕ ತಾಗಿದರೆ ಸಾಕು, ಗಂಟು ಬಿಚ್ಚಿ ಎಳೆಗಳು ಹಾರುತ್ತವೆ, ಧೂಳು ಮುಳ್ಳು ಉದುರುತ್ತವೆ. ಹಳೆಯ ‘ಪಿಂಜು’ ನಮ್ಮ ಬಾಯಲ್ಲಿ ‘ಹಿಂಜು’ ಆಗಿದೆ. ಪಿಂಜಾರರ ಹೆಸರಿನಲ್ಲಿ ಆ ‘ಪ’ ಇನ್ನೂ ಗಟ್ಟಿಯಾಗಿ ಕೇಳುತ್ತದೆ. ವಿಷಯವನ್ನು ಹಿಂಜಿ ಹಿಂಜಿ ನೋಡುತ್ತೇವೆ ಎನ್ನುವವರೆಲ್ಲ ಈ ಬಿಲ್ಲಿಗೆ ಋಣಿಗಳು. ಈಗ ಕಾಕಾ ಅವರ ಮನೆಯಲ್ಲೂ ಹಿಂಜುವುದು ಮೋಟರಿನ ಯಂತ್ರ. ಅವರಿಗೆ ಅದರಿಂದ ಭುಜದ ನೋವು ತಪ್ಪಿದೆ. ಆ ನೆಮ್ಮದಿಯ ಮುಂದೆ ನನ್ನ ನಾದದ ಮೋಹ ದೊಡ್ಡದಲ್ಲ.

‘ಅಳಿವಿನಂಚಿನ ಕಲೆ’ ಎಂದು ನಿರೂಪಣೆಯಲ್ಲಿ ಬರೆದಿದ್ದೆ. ಅವರ ಕೈ ನೋಡಿದ ಮೇಲೆ ಹೊಡೆದುಹಾಕಿದೆ. ಕೈ ಗಟ್ಟಿಯಾಗಿಯೇ ಇದೆ, ಸೊರಗಿರುವುದು ಉಣ್ಣೆ. ಮಾಂಸದ ಲಾಭಕ್ಕೆ ಬೇರೆ ತಳಿ ಬೆರೆಸುತ್ತಾ ಬಂದು ಡೆಕ್ಕನಿ ಕುರಿಯ ಒರಟು ಕಪ್ಪುಣ್ಣೆ ಕಡಿಮೆಯಾಗಿದೆ. ಕತ್ತರಿಸಿದ ಉಣ್ಣೆಗೆ ಬೆಲೆ ಸಿಗದಿದ್ದರೆ ಅದು ಬೇಲಿ ಬದಿಗೆ ಬೀಳುತ್ತದೆ.

‘ಹಾಸು ಆತು ಅಂತ ಹೆಂಗ ಗೊತ್ತಾಗತೈತಿ, ಕಾಕಾ?’ ಎಂದು ಕೇಳಿದೆ.

‘ಚಿವುಟಿ ನೋಡ ತಂಗಿ. ಒಂದ ಎಳಿ ಬಿಡಿಯಾಗಿ ಬಂದ್ರೂ ಇನ್ನೂ ಆಗಿಲ್ಲ.’

ಚಿವುಟಿದೆ. ಎಳೆ ಬಂತು. ಕಾಕಾ ಮಾತಾಡದೆ ಮತ್ತೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಮೊಣಕೈವರೆಗೆ ಭಾರ ಹಾಕಿ ಉರುಳಿಸಿದರು. ಕ್ಯಾಮೆರಾ ಓಡುತ್ತಲೇ ಇತ್ತು. ಎಳೆಗಳು ಹಾಸಾದ ಗಳಿಗೆ ಯಾವ ಚೌಕಟ್ಟಿನಲ್ಲೂ ಕಾಣಲಿಲ್ಲ. ಬಿಸಿಲು ಅಂಗಳ ದಾಟಿದ ಮೇಲೆ ಮತ್ತೊಮ್ಮೆ ಚಿವುಟಿದೆ. ಈ ಸಲ ಬೆರಳಿನ ಜೊತೆ ಇಡೀ ಹಾಸು ಎದ್ದು ಬಂತು.