ಇನ್ನೂರು ಗಂಟೆ ಎಲ್ಲಿಂದ ತರೋದು?

ಕಾಲೇಜು ಶುರುವಾದ ಮೊದಲ ತಿಂಗಳು ನಾನು ಬಾಯಿಬಿಟ್ಟು ಮಾತಾಡಿದ್ದು ಮೂರೇ ಜನರ ಹತ್ರ: ಬನಿಯಾಸ್‌ನಲ್ಲಿ ನನ್ನನ್ನ ಇಟ್ಕೊಂಡಿರೋ ಚಿಕ್ಕಪ್ಪ, ಕೆಳಗಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕೊಡೋ ಚೇಟ, ಮತ್ತೆ ಫೋನಿನಲ್ಲಿ ಅಮ್ಮ. "ಫ್ರೆಂಡ್ಸ್ ಆದ್ರಾ ಪುಟ್ಟಾ?" ಅಂತ ಅಮ್ಮ ದಿನಾ ಕೇಳೋದು, "ಹ್ಞೂಂ, ತುಂಬಾ ಜನ" ಅಂತ ನಾನು ದಿನಾ ಸುಳ್ಳು ಹೇಳೋದು. ಈ ವರ್ಷ ಸೇರಿದವರಲ್ಲಿ ಯಾರಾದ್ರೂ ಹೀಗೆ ಸುಳ್ಳು ಹೇಳ್ತಿದ್ರೆ, ಈ ಬರಹ ಅವರಿಗೆ.

ನನ್ನ ಸ್ವಭಾವದಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದೆ. ಕೊರತೆ ಇದ್ದದ್ದು ಸಮಯದ್ದು. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಇರುವವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು. ನಿಜವಾದ ಗೆಳೆತನಕ್ಕೆ 90, ಆಪ್ತರಾಗಲು 200ಕ್ಕೂ ಹೆಚ್ಚು. ಅದರಲ್ಲೂ ಕ್ಲಾಸಿನಲ್ಲಿ ಪಕ್ಕಪಕ್ಕ ಕೂತ ಸಮಯ ಅಷ್ಟಾಗಿ ಲೆಕ್ಕಕ್ಕೆ ಬರಲ್ಲ. ಹರಟೆ, ಊಟ, ಸುಮ್ಮನೆ ಅಲೆದಾಟ ಬರುತ್ತವೆ.

ಊರಿನ ಹಾಸ್ಟೆಲ್‌ನಲ್ಲಿ ಈ ಗಂಟೆಗಳು ಪುಕ್ಕಟೆ. ಬಚ್ಚಲಿನ ಕ್ಯೂ, ಮೆಸ್ಸಿನ ಕ್ಯೂ, ಕರೆಂಟ್ ಹೋದಾಗ ಮೆಟ್ಟಿಲ ಮೇಲಿನ ಪಟ್ಟಾಂಗ. ಎಂಐಟಿಯ ವಿದ್ಯಾರ್ಥಿ ವಸತಿಗಳ ಬಗ್ಗೆ ಲಿಯೊನ್ ಫೆಸ್ಟಿಂಗರ್ ಮತ್ತು ಸಂಗಡಿಗರು 1950ರಲ್ಲಿ ತಂದ ಪುಸ್ತಕದಲ್ಲೂ ಇದೇ ಮಾತು: ಅಲ್ಲಿ ಗೆಳೆತನ ಹೆಚ್ಚಾಗಿ ಹುಟ್ಟಿದ್ದು ಪಕ್ಕದ ಬಾಗಿಲಿನವರ ನಡುವೆ.

ನಮಗೆ ಪಕ್ಕದ ಬಾಗಿಲೇ ಇಲ್ಲ. ಕ್ಲಾಸ್ ಮುಗೀತು ಅಂದ್ರೆ ಒಬ್ಬ ಮುಸಫ್ಫಾಗೆ, ಒಬ್ಬಳು ಖಲೀಫಾ ಸಿಟಿಗೆ, ನಾನು ಹಾಫಿಲಾತ್ ಕಾರ್ಡ್ ಹಿಡ್ಕೊಂಡು ಬಸ್ ಸ್ಟಾಪಿಗೆ. ಸೆಪ್ಟೆಂಬರ್ ಬಿಸಿಲಲ್ಲಿ ಕೂರೋಕೆ ಅಶ್ವತ್ಥಕಟ್ಟೆ ಎಲ್ಲಿಂದ ಬರಬೇಕು? ಜೊತೆಗೆ ನಾನೇ ಮಾಡಿಕೊಂಡ ಎಡವಟ್ಟು ಬೇರೆ. ಊರಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಅಮ್ಮ ಮಲಗೋ ಮುಂಚೆ ಮಾತಾಡ್ಬೇಕು ಅಂತ ದಿನಾ ಮನೆಗೆ ಓಡಿಬರ್ತಿದ್ದೆ. ಯಾರಾದ್ರೂ ಟೀಗೆ ಕರೆದ್ರೆ "ಇವತ್ತು ಬೇಡ". ನಾಲ್ಕು ಸಲ ಹಾಗಂದ ಮೇಲೆ ಯಾರು ಕರೀತಾರೆ? ಈಗ ಬೆಳಗಿನ ಬಸ್ಸಿನಲ್ಲೇ ಅಮ್ಮನಿಗೆ ಫೋನು.

ಮೊದಲ ಗೆಳೆಯ ಸಿಕ್ಕಿದ್ದು ಲ್ಯಾಬಿನಲ್ಲಿ. ಮೂರು ವಾರ ಅವನು ಮಲಯಾಳಿ ಅಂತಲೇ ನಂಬಿದ್ದೆ. ಒಂದು ದಿನ ಫೋನಿನಲ್ಲಿ "ಎಂಚ ಉಲ್ಲರ್" ಅಂದದ್ದು ಕಿವಿಗೆ ಬಿತ್ತು. ಕಾಸರಗೋಡಿನ ಹುಡುಗ, ಶಾಲೆ ಓದಿದ್ದೆಲ್ಲಾ ಕನ್ನಡ ಮಾಧ್ಯಮದಲ್ಲಿ! 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದು ಪಾಠದಲ್ಲಿ ಓದಿದ್ದೆ. ಅಲ್ಲಿ ಕನ್ನಡ ಇನ್ನೂ ಉಳಿದಿದೆ ಅಂತ ತಲೆಗೆ ಹೋಗಿದ್ದು ಅವತ್ತೇ. "ಊರು ಯಾವುದು?" ಅಂತ ಮೊದಲ ದಿನವೇ ಕೇಳಿದ್ದಿದ್ರೆ ಮೂರು ವಾರ ಉಳೀತಿತ್ತು.

ಆಮೇಲೆ ಆಗಿದ್ದು ನಾಚಿಕೆಯ ವಿಷಯ. ಕನ್ನಡ ಸಿಕ್ಕ ಖುಷಿಗೆ ನಾವಿಬ್ಬರೂ ಬಾಯಿ ಮುಚ್ಚಲೇ ಇಲ್ಲ. ನಮ್ಮ ಮೇಜಿನ ಮೂರನೆಯವನು, ಈಜಿಪ್ಟಿನ ಹುಡುಗ, ಒಂದು ದಿನ ತಟ್ಟೆ ಎತ್ಕೊಂಡು ಬೇರೆ ಮೇಜಿಗೆ ಹೋದ. ನಾವು ಅವನ ಬಗ್ಗೆ ನಗ್ತಿದ್ವಿ ಅಂದುಕೊಂಡಿದ್ದನಂತೆ. ನಾವು ನಗ್ತಿದ್ದದ್ದು ಹಾಸ್ಟೆಲ್ ಉಪ್ಪಿಟ್ಟಿನ ಬಗ್ಗೆ! ಕ್ಷಮೆ ಕೇಳೋಕೆ ನನಗೆ ಎರಡು ವಾರ ಹಿಡೀತು, ಯಾಕಂದ್ರೆ ಅವನಿಗೆ ನಾನು ಇಷ್ಟವೇ ಇಲ್ಲ ಅಂತ ನಾನೇ ತೀರ್ಮಾನಿಸಿದ್ದೆ. ಈ ತಪ್ಪು ಲೆಕ್ಕವೂ ಸಾಮಾನ್ಯವಂತೆ. ಎರಿಕಾ ಬೂತ್‌ಬಿ ಮತ್ತು ಸಂಗಡಿಗರ 2018ರ ಅಧ್ಯಯನ ಹೇಳೋದು ಇಷ್ಟು: ಮಾತು ಮುಗಿಸಿ ಎದ್ದ ಮೇಲೆ, ಎದುರಿನವರಿಗೆ ನಾವು ಎಷ್ಟು ಹಿಡಿಸಿದ್ದೇವೋ ಅದಕ್ಕಿಂತ ಕಡಿಮೆ ಅಂತಲೇ ನಾವು ಅಂದುಕೊಳ್ತೀವಿ. ಒಂದೇ ಸೂಟಿನಲ್ಲಿದ್ದ ಹೊಸ ಕಾಲೇಜು ವಿದ್ಯಾರ್ಥಿಗಳಲ್ಲಿ ಈ ಭಾವನೆ ತಿಂಗಳುಗಟ್ಟಲೆ ಉಳಿದಿತ್ತು.

ಈಗ ನಮಗೆ ಶುಕ್ರವಾರ ಇದೆ. 2022ರ ಜನವರಿಯಿಂದ ಇಲ್ಲಿ ಸರ್ಕಾರಿ ವಾರಾಂತ್ಯ ಶನಿವಾರ-ಭಾನುವಾರಕ್ಕೆ ಬಂತು, ಶುಕ್ರವಾರ ಅರ್ಧ ದಿನ. ಆ ಸಂಜೆ ಬನಿಯಾಸ್‌ನ ಬವಾಬತ್ ಅಲ್ ಶರ್ಕ್ ಮಾಲಿನಲ್ಲಿ ಏನೂ ಕೊಳ್ಳದೆ ಮೂರು ಗಂಟೆ ಸುತ್ತುತ್ತೀವಿ. ಎಸಿ ಪುಕ್ಕಟೆ. ವಾರಕ್ಕೆ ಮೂರು ಅಂದ್ರೂ ಇನ್ನೂರು ತಲುಪೋಕೆ ಒಂದು ವರ್ಷ ದಾಟುತ್ತೆ. ಹಾಗಾಗಿ ಬಸ್ಸೂ ಒಂದೇ ಹಿಡೀತೀವಿ. ಹೊಸಬರು ಬರೋದಾದ್ರೆ ಶುಕ್ರವಾರ ಸಂಜೆ ಆರಕ್ಕೆ ಬನ್ನಿ. ಈಜಿಪ್ಟಿನವನು ಈಗ "ಸಾಕು" ಅನ್ನೋದು ಕಲಿತಿದ್ದಾನೆ. ನಾವಿಬ್ಬರು ಮತ್ತೆ ಕನ್ನಡದಲ್ಲಿ ಶುರು ಮಾಡಿದಾಗ ಮಾತ್ರ ಅದನ್ನ ಬಳಸ್ತಾನೆ.