ಅಂಗಡಿಯ ಹೊಸ ನೌಕರರಿಗೆ ಮೌಲ್ಯಬೋಧೆ: ಆನ್‌ಲೈನ್ ಪಾಠದ ರಚನಾವಿಚಾರ

ದೊಡ್ಡ ವ್ಯಾಪಾರಸಂಸ್ಥೆಗಳು ಹೊಸದಾಗಿ ಸೇರಿದ ಅಂಗಡಿ ನೌಕರರಿಗೆ ಬಿಲ್ಲು ಮಾಡುವುದು, ಸರಕು ಜೋಡಿಸುವುದು ಮೊದಲಾದ ಕೆಲಸಗಳೊಡನೆ ತಮ್ಮ ‘ಮೌಲ್ಯ’ಗಳನ್ನೂ ಕಲಿಸುವುದುಂಟು. ಪ್ರಾಮಾಣಿಕತೆ, ಗೌರವ, ಗಿರಾಕಿಯ ಹಿತ, ಮಿತವ್ಯಯ ಎಂಬಿವು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು. ಹಿಂದೆ ಗಲ್ಲಾದ ಬಳಿ ಯಜಮಾನನ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ನೋಡಿ ಕಲಿಯುತ್ತಿದ್ದುದನ್ನು ಈಗ ಫೋನಿನ ಇಲ್ಲವೆ ಕಂಪ್ಯೂಟರಿನ ತೆರೆಯ ಮೇಲೆ ಕೆಲವೇ ಗಂಟೆಗಳಲ್ಲಿ ಕಲಿಸಬೇಕಾಗಿದೆ. ಒಂದು ಭಾವನಾಮವು ನಡತೆಯಾಗಿ ಪರಿಣಮಿಸುವುದು ಹೇಗೆ ಎಂಬುದೇ ಇಲ್ಲಿಯ ಮೂಲಪ್ರಶ್ನೆ. ಅದು ಶಬ್ದಾರ್ಥವಿಚಾರಕ್ಕೂ ಸೇರಿದುದಾದ ಕಾರಣ ಭಾಷಾಧ್ಯಾಪಕರ ಗಮನಕ್ಕೆ ಅರ್ಹವಾಗಿದೆ.

ವ್ಯಾಪಾರಿಗಳು ತಮ್ಮ ಧರ್ಮವನ್ನು ಬರೆಯಿಸಿಡುವ ಪದ್ಧತಿ ಹೊಸದಲ್ಲ. ಅಯ್ಯಾವೊಳೆಯ ಐನೂರ್ವರ ಮಧ್ಯಯುಗದ ಶಾಸನಗಳು ಆ ಸಂಘದವರನ್ನು ವೀರಬಣಂಜುಧರ್ಮದ ಪಾಲಕರೆಂದು ಹೊಗಳಿ, ಸತ್ಯ, ಶೌಚ, ನಯ, ವಿನಯ ಮೊದಲಾದ ಗುಣಗಳನ್ನು ಎಣಿಸುತ್ತವೆ. ಆದರೆ ಅವು ಪ್ರಶಸ್ತಿಗಳು. ಗುಣವನ್ನು ಸಾರುವುವೇ ಹೊರತು ಇಂಥ ಸಂದರ್ಭದಲ್ಲಿ ಹೀಗೆ ನಡೆಯಬೇಕೆಂದು ವಿಧಿಸುವುದಿಲ್ಲ. ಸ್ವೀಡನ್ನಿನ ಇಂಗ್ವಾರ್ ಕಾಂಪ್ರಾಡನು ತಾನು ೧೯೪೩ರಲ್ಲಿ ಸ್ಥಾಪಿಸಿದ ಐಕಿಯ ಕಂಪೆನಿಯ ನೌಕರರಿಗಾಗಿ ೧೯೭೬ರಲ್ಲಿ ಬರೆದ, ‘ಪೀಠೋಪಕರಣ ವ್ಯಾಪಾರಿಯೊಬ್ಬನ ಉಯಿಲು’ ಎಂಬರ್ಥದ ಹೆಸರುಳ್ಳ ಕಿರುಹೊತ್ತಗೆ ಬೇರೆ ಬಗೆಯದು. ಒಂಬತ್ತು ವಿಭಾಗಗಳ ಆ ಬರಹವು ಮಿತವ್ಯಯವನ್ನು ಹೊಗಳಿ ಸುಮ್ಮನಾಗುವುದಿಲ್ಲ. ತಗಲುವ ಖರ್ಚೆಷ್ಟೆಂದು ತಿಳಿಯುವವರೆಗೆ ಯಾವ ಉಪಾಯವನ್ನೂ ಮೆಚ್ಚಬಾರದೆಂಬ ನಿಯಮವನ್ನು ಮುಂದಿಡುತ್ತದೆ. ಅಲ್ಲಿ ಗುಣವು ಕೆಲಸದ ವಿಧಿಯಾಗಿ ಮಾರ್ಪಟ್ಟಿದೆ. ೨೦೨೨ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿಯೂ ಆ ಕಂಪೆನಿಯ ಅಂಗಡಿ ತೆರೆದುದರಿಂದ ಈ ಉದಾಹರಣೆ ಕನ್ನಡನಾಡಿಗೆ ತೀರ ದೂರದ್ದಲ್ಲ.

ಹಲವು ಊರುಗಳಲ್ಲಿ ಹರಡಿದ ಅಂಗಡಿಗಳಿಗೆ, ಬೇರೆ ಬೇರೆ ಪಾಳಿಗಳಲ್ಲಿ ದುಡಿಯುವವರಿಗೆ, ಒಂದೇ ಪಾಠವನ್ನು ಮುಟ್ಟಿಸುವುದಕ್ಕೆ ಆನ್‌ಲೈನ್ ಶಿಕ್ಷಣವು ಅನುಕೂಲವಾದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಅದರ ದೋಷವೂ ಅದರ ಸೌಕರ್ಯದಲ್ಲಿಯೇ ಅಡಗಿದೆ. ಪಾಠ ಮುಗಿಯಿತೆ, ಅಂಕವೆಷ್ಟು ಬಂದಿತು ಎಂಬುದನ್ನು ಯಂತ್ರವು ತಪ್ಪದೆ ದಾಖಲಿಸುವುದು. ಕಲಿತವನು ಮರುದಿನ ಹೇಗೆ ನಡೆದನೆಂಬುದನ್ನು ಅದು ಕಾಣದು. ಶಿಕ್ಷಣದ ಫಲವನ್ನು ಕಲಿಯುವವರ ಮೆಚ್ಚಿಕೆ, ಕಲಿಕೆ, ನಡತೆ, ಪರಿಣಾಮ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಅಳೆಯಬೇಕೆಂದು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ೧೯೫೯ರಲ್ಲಿಯೇ ಪ್ರತಿಪಾದಿಸಿದನು. ತೆರೆಯ ಮೇಲೆ ಸುಲಭವಾಗಿ ಸಿಕ್ಕುವುವು ಮೊದಲ ಎರಡು. ಮೌಲ್ಯಬೋಧೆಗೆ ಬೇಕಾದುದಾದರೋ ಮೂರನೆಯದು.

ಇದಕ್ಕೆ ಸ್ಟಾರ್‌ಬಕ್ಸ್ ಕಾಫಿ ಕಂಪೆನಿಯ ಪ್ರಸಂಗವು ಒಳ್ಳೆಯ ನಿದರ್ಶನ. ೨೦೧೮ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯ ನಗರದ ಅದರ ಅಂಗಡಿಯೊಂದರಲ್ಲಿ, ಏನನ್ನೂ ಕೊಳ್ಳದೆ ಇನ್ನೊಬ್ಬರ ಬರವನ್ನು ಕಾಯುತ್ತಿದ್ದ ಇಬ್ಬರು ಕರಿಯ ಜನಾಂಗದವರನ್ನು, ಅಂಗಡಿಯವರ ಕರೆಯ ಮೇಲೆ ಬಂದ ಪೋಲೀಸರು ಬಂಧಿಸಿದರು. ಮುಂದಿನ ತಿಂಗಳ ೨೯ರಂದು ಕಂಪೆನಿಯು ಅಮೆರಿಕದ ೮,೦೦೦ಕ್ಕೂ ಹೆಚ್ಚು ಅಂಗಡಿಗಳನ್ನು ಮಧ್ಯಾಹ್ನ ಮುಚ್ಚಿ ನೌಕರರಿಗೆ ಪಕ್ಷಪಾತನಿವಾರಣೆಯ ಪಾಠ ಹೇಳಿಸಿತು. ಅಷ್ಟರೊಳಗೆ, ಏನನ್ನೂ ಕೊಳ್ಳದವರೂ ಅಂಗಡಿಯಲ್ಲಿ ಕುಳಿತಿರಬಹುದೆಂಬ ನಿಯಮವನ್ನೂ ಹೊರಡಿಸಿತ್ತು. ೨೦೨೫ರ ಜನವರಿಯಲ್ಲಿ ಉತ್ತರ ಅಮೆರಿಕದ ತನ್ನ ಅಂಗಡಿಗಳಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು. ಬಂದವರನ್ನೆಲ್ಲ ಆದರಿಸಬೇಕೆಂಬ ಮಾತಿಗೆ ಅರ್ಥ ಬರುವುದು ಯಾರು ಎಷ್ಟು ಹೊತ್ತು ಕುಳಿತಿರಬಹುದೆಂಬ ನಿಯಮದಿಂದ. ನಿಯಮ ಬದಲಾದೊಡನೆ ಪಾಠವೂ ಬದಲಾಗಬೇಕಾಗುವುದು.

ಆದುದರಿಂದ ಪಾಠವನ್ನು ರಚಿಸುವವರು ಶಬ್ದದಿಂದಲ್ಲ, ಸಂದರ್ಭದಿಂದ ಆರಂಭಿಸುವುದು ಯುಕ್ತ. ಕಪಾಟಿನ ಚೀಟಿಯಲ್ಲಿ ೯೦ ರೂಪಾಯಿ ಎಂದಿರುವ ಸರಕಿಗೆ ಬಿಲ್ಲಿನ ಯಂತ್ರವು ೧೦೫ ರೂಪಾಯಿ ತೋರಿಸುತ್ತದೆಂದು ಭಾವಿಸಬಹುದು. ಗಿರಾಕಿಯು ಅದನ್ನು ಗಮನಿಸಿಲ್ಲ, ಹಿಂದೆ ಉದ್ದವಾದ ಸಾಲಿದೆ, ಮೇಲಧಿಕಾರಿ ಹತ್ತಿರದಲ್ಲಿಲ್ಲ. ಇಲ್ಲಿ ಪ್ರಾಮಾಣಿಕತೆಗೂ ಶೀಘ್ರಸೇವೆಗೂ ವಿರೋಧವೊದಗುವುದು. ಒಂದು ಸರಿಯುತ್ತರದ ಜೊತೆಗೆ ಎರಡು ಹಾಸ್ಯಾಸ್ಪದವಾದ ಉತ್ತರಗಳನ್ನಿಟ್ಟರೆ ಪರೀಕ್ಷೆಯು ಆಟವಾಗುವುದು; ಮೂರೂ ಮೇಲುನೋಟಕ್ಕೆ ಒಪ್ಪುವಂತಿದ್ದು, ಆರಿಸಿದುದರ ಪರಿಣಾಮವು ಕಣ್ಣಿಗೆ ಕಟ್ಟಿದರೆ ಮಾತ್ರ ವಿವೇಚನೆ ಹುಟ್ಟುವುದು. ಕಲಿತುದು ಪುನರಾವೃತ್ತಿಯಿಲ್ಲದೆ ಬೇಗನೆ ಮರೆಯುವುದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸನು ೧೮೮೫ರಲ್ಲಿ ಪ್ರಯೋಗಗಳಿಂದ ತೋರಿಸಿದುದನ್ನು ನೆನೆದು, ಇಂಥ ಪ್ರಸಂಗಗಳನ್ನು ಒಂದೇ ದಿನ ಮುಗಿಸದೆ ವಾರಗಳ ಅಂತರದಲ್ಲಿ ಹಂಚಬೇಕು. ಸಂಬಳದ ಹೊತ್ತಿನಲ್ಲಿಯೇ ಅದಕ್ಕೆ ಅವಕಾಶವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಬೆಲೆಯನ್ನು ತಿದ್ದುವ ಅಧಿಕಾರ ನೌಕರನಿಗೆ ಇರಬೇಕು. ಅಧಿಕಾರ ಕೊಡದೆ ಪ್ರಾಮಾಣಿಕತೆಯನ್ನು ಬೋಧಿಸುವುದೆಂದರೆ ಸಂಸ್ಥೆಯ ದೋಷವನ್ನು ಕಿರಿಯವನ ತಲೆಗೆ ಕಟ್ಟಿದಂತೆ.

ಇನ್ನು ಭಾಷೆಯ ವಿಚಾರ. ಇಂಗ್ಲಿಷಿನಲ್ಲಿ ರಚಿತವಾದ ಪಾಠವನ್ನು ಕನ್ನಡಕ್ಕೆ ತಿರುಗಿಸುವಾಗ ‘ಇಂಟೆಗ್ರಿಟಿ’ ಎಂಬುದನ್ನು ‘ಸಮಗ್ರತೆ’ ಎಂದರೆ ನಿಘಂಟಿನ ಮರ್ಯಾದೆ ಉಳಿದೀತು, ಅರ್ಥ ಉಳಿಯದು. ತೂಕದಲ್ಲಿ ಮೋಸವಿಲ್ಲದಿರುವುದು, ಕೊಟ್ಟ ಮಾತಿಗೆ ತಪ್ಪದಿರುವುದು ಎಂದರೆ ಯಾರಿಗೂ ತಿಳಿಯುವುದು. ಗೌರವದ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಿ ಮಧ್ಯಮಪುರುಷಕ್ಕೆ ಒಂದೇ ಸರ್ವನಾಮ. ಕನ್ನಡದಲ್ಲಿಯಾದರೋ ಕಾರಿನಿಂದಿಳಿದವನಿಗೆ ‘ಬನ್ನಿ’ ಎಂದು, ಕೂಲಿಯವನಿಗೆ ‘ಬಾ’ ಎಂದು ಹೇಳಿದರೆ ಗೌರವವೆಂಬ ಮೌಲ್ಯವು ಕ್ರಿಯಾಪದದ ಪ್ರತ್ಯಯದಲ್ಲಿಯೇ ಭಂಗವಾಗುವುದು. ಮೂಲದ ಪಾಠದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲವಾದ ಕಾರಣ ಅನುವಾದದಲ್ಲಿಯೂ ಅದು ಬರುವುದಿಲ್ಲ. ಕನ್ನಡ ಬಲ್ಲವರು ಪಾಠವನ್ನು ಕನ್ನಡದಲ್ಲಿಯೇ ರಚಿಸಿದಾಗ ಮಾತ್ರ ಇದಕ್ಕೆ ಎಡೆ ದೊರೆಯುವುದು.

ಮೌಲ್ಯಬೋಧೆಯು ಸಂಸ್ಥೆಯ ಹೊಗಳಿಕೆಯಾಗಿ ನಿಂತರೆ ಹಳೆಯ ಪ್ರಶಸ್ತಿಗಳ ಗಾಂಭೀರ್ಯವೂ ಅದಕ್ಕೆ ಬರಲಾರದು. ಸಂದರ್ಭ, ಅಧಿಕಾರ, ಪುನರಾವೃತ್ತಿ, ತಾಯ್ನುಡಿಯ ಮಾತು ಎಂಬ ನಾಲ್ಕೂ ಕೂಡಿದಲ್ಲಿ, ಕಲಿತವನ ನಡೆಯಲ್ಲಿ ಅದರ ಫಲ ಕಾಣುವುದು. ಗಿರಾಕಿಗೂ ಅದು ತಿಳಿಯುವುದು.